ಹೆಸರು ಹೇಳಿ ಉಜ್ಜಿದ ಕಲ್ಲು

"ಆ ಗುಡ್ಡೇಲಿರ ಕಲ್ಲ ಮುಟ್ಬ್ಯಾಡ ಕನವ್ವ!" ಚೆಂಡುಹೂವಿನ ಸಾಲಿನ ನಡುವಿನಿಂದಲೇ ಗುರುಮಲ್ಲಮ್ಮ ಕೂಗಿದಳು. "ಅವು ಬಿದ್ದಿರ ಕಲ್ಲಲ್ಲ. ಮಡಗಿರ ಕಲ್ಲು."

"ಎತ್ಕೊಂಡ್ರೆ ಏನಜ್ಜಿ, ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡುತ್ತಾ?" ಎಂದು ಫಾಯಿಜಾ ನಕ್ಕಳು. ನಗುತ್ತಲೇ ಹನ್ನೊಂದು ಕಲ್ಲು ಆರಿಸಿ ಚೀಲಕ್ಕೆ ಹಾಕಿಕೊಂಡಳು.

ಅವಳನ್ನು ಬೈಯುವ ಮೊದಲು ಅವಳ ಪಾಡನ್ನೂ ಕೇಳಬೇಕು. ಮೈಸೂರಿನಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಕಲ್ಲಿನ ಮೇಲೆ ಚಿತ್ರ ಬರೆಯುವುದು ಅವಳ ಕಸುಬು. ಅಂಗೈಯಷ್ಟು ಕಲ್ಲಿನಲ್ಲಿ ಗರಿ ಬಿಚ್ಚಿದ ನವಿಲನ್ನೇ ಕೂರಿಸುತ್ತಿದ್ದಳು. ಮೈಸೂರಿನ ಕರಕುಶಲ ಪ್ರದರ್ಶನದಲ್ಲಿ ಮೊದಲ ಸಲ ಅವಳಿಗೊಂದು ಮೇಜು ಸಿಕ್ಕಿತ್ತು, ಉಳಿದದ್ದು ಹತ್ತೇ ದಿನ. ಆದರೆ ಇಲ್ಲಿನ ಕಲ್ಲುಗಳು ಅವಳ ಪ್ರಾಣ ಹಿಂಡಿದ್ದವು. ಕ್ವಾರಿಯ ಕರಿಕಲ್ಲು ಚೂಪು, ಕುಂಚದ ಕೂದಲನ್ನೇ ಕಿತ್ತುಹಾಕುತ್ತಿತ್ತು. ಅಂಗಡಿಯ ಪ್ಯಾಕೆಟ್ ಕಲ್ಲಿಗೆ ಮೇಣದ ಹೊಳಪು, ಬಣ್ಣ ಹಿಡಿಯುತ್ತಿರಲಿಲ್ಲ. ಹೀಗೆ ರೋಸಿಹೋದವಳ ಕಣ್ಣಿಗೆ ಗೋಪಾಲಸ್ವಾಮಿ ಬೆಟ್ಟದ ದಾರಿಯ ಹುಣಸೆಮರದ ಬುಡದಲ್ಲಿ ಮೊಟ್ಟೆಯಷ್ಟು ನುಣುಪಾದ ಕಲ್ಲಿನ ರಾಶಿ ಬಿದ್ದರೆ ಬಿಟ್ಟುಬರುವುದುಂಟೇ? ಹೊಳೆಯಿಲ್ಲದ ಕಡೆ ಆ ನುಣುಪು ಎಲ್ಲಿಂದ ಬಂತೆಂದು ಅವಳು ಕೇಳಲೇ ಇಲ್ಲ.

ಮನೆಗೆ ತಂದು ತೊಳೆದಾಗ ಕಲ್ಲುಗಳಿಂದ ಮಣ್ಣಿನ ವಾಸನೆ ಬರಲಿಲ್ಲ. ಬೆವರಿದ ಅಂಗೈಯ ವಾಸನೆ ಬಂತು. ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಮೊದಲ ದಿನ ಬರೆದ ನವಿಲು ಬೆಳಗಾಗುವಷ್ಟರಲ್ಲಿ ಹೊಪ್ಪಳೆಯಾಗಿ ಎದ್ದು ನೆಲದಲ್ಲಿ ಉದುರಿತ್ತು. ಅಡಿಗೆ ಬಿಳಿ ಬಣ್ಣದ ಅಸ್ತರ ಬಳಿದು ಮತ್ತೆ ಬರೆದಳು, ಮತ್ತೆ ಉದುರಿತು. ವಾರ್ನಿಷ್ ಹಚ್ಚಿದಳು, ವಾರ್ನಿಷ್ಷೇ ಸುಲಿದು ಬಂತು. ಹೆರಿಗೆಗೆಂದು ತವರಿಗೆ ಬಂದು ಪಕ್ಕದಲ್ಲೇ ಕುಳಿತಿರುತ್ತಿದ್ದ ನಾದಿನಿ ಮಾಹಿರಾ, "ಭಾಭಿ, ಬಿಟ್ಟುಬಿಡಿ. ನಿಮ್ಮ ಮುಖ ನೋಡೋಕಾಗ್ತಿಲ್ಲ" ಎಂದಳು. ಫಾಯಿಜಾ ಬಿಡುವವಳೇ? ಹಲ್ಲು ಕಚ್ಚಿಕೊಂಡು ಉಪ್ಪುಕಾಗದ ಹಿಡಿದಳು. ಹನ್ನೊಂದು ಕಲ್ಲನ್ನೂ ಬಲಗೈಯಲ್ಲಿ ಗಸಗಸ ಉಜ್ಜಿದಳು. ಅಷ್ಟು ಉಜ್ಜಿದರೂ ಒಂದು ಚಿಟಿಕೆ ಪುಡಿ ಉದುರಲಿಲ್ಲ.

ಸಂಜೆ ಕಿರುಬೆರಳು ಜೋಮು ಹಿಡಿಯಿತು. ಮರುದಿನ ಪಕ್ಕದ ಬೆರಳು. ಮೂರನೆಯ ದಿನ ಕುಂಚ ಕೈಯಿಂದ ಜಾರಿತು. ಉಗುರುಗಳು ಬೂದು ಬಣ್ಣಕ್ಕೆ ತಿರುಗಿದವು. ಬಿಸಿನೀರಿಗೆ ಅದ್ದಿದರೂ ಬೆರಳು ತಣ್ಣಗೇ ಇತ್ತು. ಡಾಕ್ಟರು ನರ ಒತ್ತಿರಬೇಕೆಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿಯುವಷ್ಟರಲ್ಲಿ ನಾಲ್ಕು ಬೆರಳೂ ಮರಗಟ್ಟಿದ್ದವು. ಬಲಗೈ ಇಲ್ಲದೆ ತಾನು ಯಾರು ಎಂದು ಫಾಯಿಜಾ ಮೊದಲ ಸಲ ಹೆದರಿದಳು.

ಗಂಡ ನಿಯಾಜ್ ಬೈಕಿನಲ್ಲಿ ಬೆಟ್ಟದ ದಾರಿಗೆ ಕರೆದುಕೊಂಡು ಹೋದ. ಅವನನ್ನು ರಸ್ತೆಯಲ್ಲೇ ನಿಲ್ಲಿಸಿ, ಕಲ್ಲಿನ ಚೀಲ ಹಿಡಿದು ಒಬ್ಬಳೇ ಗುರುಮಲ್ಲಮ್ಮನ ಹೊಲಕ್ಕಿಳಿದಳು. ನಕ್ಕವಳೇ ಅಂಗಲಾಚುವುದನ್ನು ಗಂಡ ನೋಡುವುದು ಬೇಡವಾಗಿತ್ತು.

ಗುರುಮಲ್ಲಮ್ಮ ಕೈಯನ್ನು ಮುಟ್ಟಲಿಲ್ಲ. ದೂರದಿಂದಲೇ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

"ಯಾರಾರ ಅನ್ಯಾಯ ಮಾಡುದ್ರೆ, ಕೇಳೋರು ಇಲ್ದೋರು ಒಂದ್ ಕಲ್ಲ ಇಡ್ಕತರೆ ತಾಯಿ. ನಲ್ವತ್ತೆಂಟು ದಿನ ಅವನ ಹೆಸ್ರು ಹೇಳ್ಕಂಡು, ನಿನ್ ಕೈ ಕಲ್ಲಾಗ್ಲಿ ಅಂತ ಅಂಗೈಲಿ ಉಜ್ಜತರೆ. ಅದ್ಕೇ ಅಂಗೆ ನುಣ್ಣಗಿರದು. ಆಮೇಲೆ ತಂದು ಅಲ್ಲಿ ಮಡಗ್ಬುಡ್ತರೆ. ಎತ್ಕಂಡೋರ್ಗೆ ಅದು ಅಂಟ್ಕತದೆ."

"ವಾಪಸ್ ಇಡ್ತೀನಿ. ಈಗಲೇ ಇಡ್ತೀನಿ."

"ಸುಮ್ನೆ ಮಡಗಕಾಗಕಿಲ್ಲ. ಯಾರ್ದಾರ ಹೆಸ್ರು ಹೇಳೇ ಮಡಗ್ಬೇಕು. ಹನ್ನೊಂದೂ ಆ ಒಬ್ರ ಮ್ಯಾಲೇ ಓಯ್ತವೆ."

"ಯಾರ ಹೆಸರು ಹೇಳಲಿ ಅಜ್ಜಿ?"

"ಅದ ನಾ ಏಳಕಿಲ್ಲ," ಎಂದವಳೇ ಮುದುಕಿ ತಿರುಗಿ ನೋಡದೆ ಹೂವಿನ ಸಾಲಿನೊಳಗೆ ಹೋದಳು.

ನಡುಮಧ್ಯಾಹ್ನ. ಆದರೂ ಹುಣಸೆಯ ಕೆಳಗೆ ಕತ್ತಲು ಹೆಪ್ಪುಗಟ್ಟಿತ್ತು. ಕೊಳೆತ ಚೆಂಡುಹೂವಿನ ನಾತ ಗಂಟಲಿಗೆ ಅಡರಿತು. ಒಂದು ಹಕ್ಕಿಯ ಸದ್ದಿಲ್ಲ. ರಾಶಿಯೊಳಗಿನಿಂದ ಸಣ್ಣಗೆ ಸದ್ದು ಬರುತ್ತಿತ್ತು. ಗಸ ಗಸ. ನೂರಾರು ಅಂಗೈಗಳು ಒಟ್ಟಿಗೆ ಉಜ್ಜುವ ಸದ್ದು. ಫಾಯಿಜಾ ಎಡಗೈಯಿಂದ ಚೀಲ ಬೋರಲು ಹಾಕಿದಳು. ಕಲ್ಲು ಬೀಳಲಿಲ್ಲ. ಕೊಡವಿದಳು. ಬೀಳಲಿಲ್ಲ. ಬಲಗೈಯ ಮಣಿಕಟ್ಟು ತಣ್ಣಗಾಯಿತು. ತಣ್ಣನೆಯದು ಮೊಣಕೈಗೆ ಹತ್ತಿತು. ಹೆಸರು ಬೇಕು. ದಿನಾ ಕೊಂಕು ನುಡಿಯುವ ಅತ್ತೆ ಅಜೀಜಾಳ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ತನ್ನದೇ ಹೆಸರು ಹೇಳಲು ಬಾಯಿ ತೆರೆದಳು. ಧೈರ್ಯ ಬರಲಿಲ್ಲ. ತೋಳು ಭಾರವಾಯಿತು. ಆಗ ಹೊಳೆಯಿತು. ಯಾರಿಗೂ ಇಲ್ಲದ ಹೆಸರು! ಲೋಕದಲ್ಲೇ ಇಲ್ಲದವರಿಗೆ ಯಾವ ಶಾಪ ಏನು ಮಾಡೀತು? ಬಾಯಿಗೆ ಬಂದ ಅಕ್ಷರಗಳನ್ನು ಕೂಡಿಸಿದಳು.

"ಝೈನೂರಾ!" ಕಿರುಚಿದಳು. "ಝೈನೂರಾ! ಝೈನೂರಾ!"

ಹನ್ನೊಂದು ಕಲ್ಲೂ ದಡದಡ ಉರುಳಿದವು. ರಾಶಿ ತೆಪ್ಪಗಾಯಿತು. ರಸ್ತೆಗೆ ಹತ್ತುವಷ್ಟರಲ್ಲಿ ಹೆಬ್ಬೆರಳ ಪಕ್ಕದ ಬೆರಳು ಜೀವ ಬಂದು ಚುರುಗುಟ್ಟತೊಡಗಿತ್ತು. ನಿಯಾಜ್ ಬೈಕ್ ಸ್ಟಾರ್ಟ್ ಮಾಡಿದ. ಕೈ ವಾಸಿಯಾಗುತ್ತಿದೆ ಎಂದಷ್ಟೇ ಹೇಳಿ ಅವಳು ಹಿಂದೆ ಕುಳಿತಳು.

ಪ್ರದರ್ಶನ ತಪ್ಪಿಹೋಯಿತು. ಆದರೆ ಕೈ ಉಳಿಯಿತು. ಮಾಟಕ್ಕೇ ಮಂಕುಬೂದಿ ಎರಚಿದೆನೆಂದು ಫಾಯಿಜಾಗೆ ಒಳಗೊಳಗೇ ಹೆಮ್ಮೆ. ಮೂರು ವಾರ ಕಳೆದು ಮಾಹಿರಾಳಿಗೆ ಹೆಣ್ಣು ಮಗುವಾಯಿತು.

ಏಳನೆಯ ದಿನ ಮನೆ ತುಂಬ ನೆಂಟರು. ಫಾಯಿಜಾ ಅಡುಗೆಮನೆಯಲ್ಲಿ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದಳು. ನಡುಮನೆಯಲ್ಲಿ ಮಾವ ಹಿದಾಯತ್ ಉಲ್ಲಾ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಕರೆದರು. ಮೂರನೆಯದು ಅವಳಿಗೂ ಕೇಳಿಸಿತು.

ಸೌಟು ಕೈಬಿಟ್ಟು ಓಡಿ ಬಂದಳು. "ಯಾರು ಕೊಟ್ಟರು ಈ ಹೆಸರು?"

"ನೀನೇ!" ನಿಯಾಜ್ ಬೀಗಿದ. "ಇಡೀ ಊರಲ್ಲಿ ಯಾರಿಗೂ ಇರದ ಹೆಸರೇ ಬೇಕೂಂತ ಮಾಹಿರಾ ವಾರದಿಂದ ಕಾಡ್ತಿದ್ದಳು. ಅವತ್ತು ಆ ಮರದ ಹತ್ರ ನೀನು ಕೂಗಿದ್ದು ನೆನಪಾಯ್ತು. ಎಷ್ಟು ಚೆನ್ನಾಗಿದೆ ಅಲ್ವಾ?"

"ಬದಲಾಯಿಸಿ. ಈಗಲೇ ಬದಲಾಯಿಸಿ!" ಫಾಯಿಜಾ ಎಲ್ಲವನ್ನೂ ಹೇಳಿದಳು. ಕಲ್ಲು, ಮುದುಕಿ, ರಾಶಿ. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಓದಿದ ಹುಡುಗಿ ಇಂಥದ್ದನ್ನು ನಂಬುತ್ತಾಳಲ್ಲ ಎಂದು ಮಾವ ತಲೆಯಾಡಿಸಿದರು. ಅತ್ತೆ ಮಾತ್ರ ನಗಲಿಲ್ಲ. "ಇನ್ನೊಬ್ಬರ ಮಡಿಲು ತುಂಬಿದರೆ ಕೆಲವರಿಗೆ ಹೊಟ್ಟೆಕಿಚ್ಚು" ಎಂದಳು.

ಮಾಹಿರಾ ಒಳ್ಳೆಯವಳು. ಸಮಾಧಾನಕ್ಕೆಂದು ಮಗುವನ್ನು ಫಾಯಿಜಾಳ ಮಡಿಲಿಗಿಟ್ಟಳು. "ಎತ್ಕೊಳ್ಳಿ ಭಾಭಿ, ನಿಮ್ಮದೂ ಮಗುವೇ."

ಮಗು ಅಳುತ್ತಿರಲಿಲ್ಲ. ಫಾಯಿಜಾ ಹೊದಿಕೆ ಸರಿಸಿದಳು. ಎರಡು ಪುಟ್ಟ ಮುಷ್ಟಿಗಳೂ ಬಿಗಿದಿದ್ದವು, ಉಗುರು ಬೂದು. ಒಂದು ಬೆರಳನ್ನು ಮೆಲ್ಲಗೆ ಬಿಡಿಸಲು ನೋಡಿದಳು. ಬರಲಿಲ್ಲ. ಇನ್ನೊಂದನ್ನು ನೋಡಿದಳು. ಸುತ್ತ ನೆರೆದವರೆಲ್ಲ ಬಗ್ಗಿ, ಮಗುವಿನ ಹೆಸರನ್ನು ಹೇಳಿ ಹೇಳಿ ಅದರ ಕೆನ್ನೆ ಸವರುತ್ತಿದ್ದರು.