ಮಾಸ್ಕ್ ಇಳಿಸಿದ ಮಧ್ಯಾಹ್ನ

"ಒಂದ್ಸಲ ಮುಖ ತೋರಿಸ್ರೀ," ಎಂದಳು ನರ್ಸ್, ಫೋನಿನ ಪರದೆಯಿಂದ. "ಮೂರು ತಿಂಗಳಿಂದ ಬರೀ ಕಣ್ಣು ನೋಡ್ತಿದ್ದೀನಿ."

ಅವನು ಮಾಸ್ಕ್ ಇಳಿಸಿ ನಕ್ಕ. ಹೊಟ್ಟೆಯಿಂದ ಹೊರಟ ಟ್ಯೂಬಿನ ಬಾಯಿ ಆಗ ಅವನ ಕೈಯಲ್ಲಿ ತೆರೆದೇ ಇತ್ತು.

ಅವನು ಗಡಿಯಾರ ರಿಪೇರಿಯವನು. ಕಿಡ್ನಿ ಕೈಕೊಟ್ಟ ಮೇಲೆ ಮನೆಯಲ್ಲೇ ಡಯಾಲಿಸಿಸ್: ದಿನಕ್ಕೆ ನಾಲ್ಕು ಸಲ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಕಟ್ಟಿ, ಹೊಟ್ಟೆಯೊಳಗಿನ ದ್ರವ ಹರಿಯಬಿಟ್ಟು ಹೊಸ ಚೀಲ ಏರಿಸಬೇಕು. ಪ್ರತಿ ಸಲವೂ ಅರ್ಧ ಗಂಟೆಯ ಸೆರೆ. ಮಧ್ಯಾಹ್ನದ ಸರದಿಯನ್ನು ಅವಳು ವೀಡಿಯೋ ಕಾಲ್‌ನಲ್ಲಿ ನೋಡುತ್ತಿದ್ದಳು. ಆ ಸೆರೆ ಮಾತ್ರ ಅವನಿಗೆ ಸಾಲುತ್ತಿರಲಿಲ್ಲ.

"ಯಾರ ಹತ್ರ ಹಲ್ಲು ಕಿರೀತಿದ್ದೀಯೋ?" ಬಾಗಿಲಾಚೆಯಿಂದ ಅಮ್ಮ.

"ಆಸ್ಪತ್ರೆಯವರಮ್ಮ!"

ಎರಡೇ ದಿನಕ್ಕೆ ಚೀಲದ ದ್ರವ ಅಕ್ಕಿ ತೊಳೆದ ನೀರಿನಂತಾಯಿತು. ಹೊಟ್ಟೆನೋವಿಗೆ ಮುದುಡಿಕೊಂಡೇ ಅವನು ವಾರ್ಡು ಸೇರಿದ.

"ಇದು ಬಾಯಲ್ಲಿರೋ ಬ್ಯಾಕ್ಟೀರಿಯಾ. ಹೊಟ್ಟೇಲಿ ಸಿಗೋದು ಅಪರೂಪ," ಎಂದರು ಡಾಕ್ಟರು. "ಮಾಸ್ಕ್ ತೆಗೆದಿದ್ರಾ?"

ಹಾಸಿಗೆಯಾಚೆ ನಿಂತ ನರ್ಸಿನ ಕಿವಿ ಕೆಂಪಾಯಿತು. ನಿಜ ಹೇಳಿದರೆ ಅವಳ ಕೆಲಸಕ್ಕೇ ಕುತ್ತು.

"ಇಲ್ಲ ಸರ್," ಎಂದ ಅವನು.

"ಔಷಧಿಯಿಂದ ವಾಸಿಯಾಗುತ್ತೆ. ಆದ್ರೆ ಹೇಗೆ ಬಂತು ಅಂತ ಗೊತ್ತಾಗದಿದ್ರೆ ಮತ್ತೆ ಬರುತ್ತೆ. ಟ್ಯೂಬ್ ತೆಗೆದುಬಿಡೋಣ. ವಾರಕ್ಕೆ ಮೂರು ದಿನ ಇಲ್ಲೇ, ಮೆಷಿನ್‌ನಲ್ಲಿ ಡಯಾಲಿಸಿಸ್."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮನೆ, ಕೆಲಸದ ಮೇಜು, ಮಧ್ಯಾಹ್ನ, ಎಲ್ಲವೂ ಹೋದಂತೆಯೇ.

"ನಾನೇ ತೆಗೆಸಿದ್ದು ಸರ್," ಎಂದಳು ಅವಳು. "ಮುಖ ನೋಡ್ಬೇಕು ಅನ್ನಿಸ್ತು."

ಡಾಕ್ಟರು ಅವಳನ್ನು ನೋಡಿದರು, ಅವನನ್ನು ನೋಡಿದರು. "ಟ್ಯೂಬ್ ಇರಲಿ. ನಾಳೆಯಿಂದ ಮನೆ ಪೇಷೆಂಟುಗಳನ್ನ ನೀವು ನೋಡೋದು ಬೇಡ."

ಅವರು ಹೋದ ಮೇಲೆ ಅವನು ರೇಗಿದ. "ನಾನು ಮುಚ್ಚಿಟ್ಟಿದ್ನಲ್ಲ! ಯಾಕ್ರೀ ಹೇಳೋಕೆ ಹೋದ್ರಿ?"

"ಸುಳ್ಳು ಹೇಳೋಕೆ ಬರಲ್ಲ ನಿಮಗೆ. ಮುಖ ಪೂರ್ತಿ ಕಾಣ್ತಿತ್ತು."

ಮನೆಗೆ ಬಂದ ಮೇಲೆ ಮಧ್ಯಾಹ್ನದ ಕಾಲ್‌ಗೆ ಹೊಸ ನರ್ಸ್ ಒಬ್ಬರು. ಅವರು ನಗುತ್ತಿರಲಿಲ್ಲ. ಒಂದು ವಾರಕ್ಕೆ ಅವರು "ಸರಿಯಾಗಿ ಮಾಡ್ತೀರಿ, ಇನ್ನು ನೋಡೋದು ಬೇಡ" ಎಂದರು. ಮರುದಿನ ಅವನೊಬ್ಬನೇ ಚೀಲ ನೇತುಹಾಕುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಯೂನಿಫಾರ್ಮ್ ಇರಲಿಲ್ಲ.

"ಇವತ್ತು ರಜಾ," ಎಂದಳು.

"ಆಗಾಗ ಬರ್ತೀರಾ?"

"ಬರ್ತೀರಾ ಅಂತ ಕೇಳ್ಬೇಡಿ. ಇರ್ತೀರಾ ಅಂತ ಕೇಳಿ."

"ಈ ರೂಮಲ್ಲಾ? ದಿನಕ್ಕೆ ನಾಲ್ಕು ಸಲ?" ಅವನ ದನಿ ಸಣ್ಣಗಾಯಿತು. "ಶುರು ಮಾಡಿದ್ರೆ ಮುಗಿಯೋ ತನಕ ಹೊರಗೆ ಹೋಗೋ ಹಾಗಿಲ್ಲ."

ಅವಳು ಕೈ ತೊಳೆದು, ಮಾಸ್ಕ್ ಕಟ್ಟಿಕೊಂಡು ಬಂದು, ಒಳಗಿನಿಂದ ಚಿಲಕ ಹಾಕಿದಳು.