ಗದಿಗೆಪ್ಪನ ಊಟಕ್ಕೆ ಕಳೆ ಆರಿಸಿದವಳು

"ಏಯ್! ನಿಲ್ಲಿ! ಅದನ್ನ ಆಮೆ ಬಾಯಿಗೆ ಹಾಕಬೇಡಿ!"

ಅಮೆರಿಕಾದ ಕಾಪೆಲ್‌ನ ಆ ಸದ್ದಿಲ್ಲದ ಬೀದಿಯಲ್ಲಿ ಅಷ್ಟು ಜೋರು ಕನ್ನಡ ಹಿಂದೆಂದೂ ಕೇಳಿಸಿರಲಿಲ್ಲ. ಹುಲ್ಲಿನ ಮೇಲೆ ಮಂಡಿಯೂರಿದ್ದ ಯುವಕ ಬೆಚ್ಚಿ ತಲೆಯೆತ್ತಿದ. ಅವನ ಕೈಯಲ್ಲಿ ಒಂದು ಹಿಡಿ ಸೊಪ್ಪು. ಎದುರಿಗೆ, ಬುಟ್ಟಿಯಷ್ಟು ದೊಡ್ಡ ಆಮೆಯೊಂದು ಬಾಯಿ ತೆರೆದು ಕಾಯುತ್ತಿತ್ತು.

ಕೂಗಿದವಳು ಸಂಹಿತಾ. ಮೈಸೂರಿನ ಹುಡುಗಿ, ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ರಜೆಗೆಂದು ಚಿಕ್ಕಮ್ಮ ವಿಜಯಮ್ಮನ ಮನೆಗೆ ಬಂದಿದ್ದಳು. ಪಕ್ಕದ ಮನೆಯವನು ಕನ್ನಡದವನೆಂದು ಅವರೇ ಹೇಳಿದ್ದರು. ಸಿಟ್ಟು ಸದಾ ಮೂಗಿನ ತುದಿಯಲ್ಲೇ!

"ಯಾಕ್ರೀ? ಇದು ಗೋಳಿ ಪಲ್ಯೆ ಐತಿ. ನಮ್ಮ ಗದಗಿನ್ಯಾಗ ರೊಟ್ಟಿ ಜೋಡಿ ಇದನ್ನ ತಿಂದು ಬೆಳದೇನ್ರಿ ನಾ!"

"ನೀವು ತಿಂದಿದ್ದು ಇದಲ್ಲ."

ಅವನ ಕೈಯಿಂದ ಒಂದು ಕಡ್ಡಿ ಕಿತ್ತುಕೊಂಡು ಚಟ್ಟನೆ ಮುರಿದಳು. ಬಿಳಿ ಹಾಲು ಜಿನುಗಿತು.

"ನೋಡಿ! ನೀವು ಗೋಳಿ ಅನ್ನೋ ಗೋಣಿ ಸೊಪ್ಪಿನ ಎಲೆ ದಪ್ಪಗಿರತ್ತೆ, ಮುರಿದ್ರೆ ಬರೀ ನೀರು ಬರತ್ತೆ. ಇದು ಸ್ಪರ್ಜ್ ಅನ್ನೋ ವಿಷದ ಕಳೆ. ಈ ಹಾಲು ಪಾಪದ ಪ್ರಾಣಿಯ ಬಾಯಿ, ಹೊಟ್ಟೆ ಎಲ್ಲಾ ಸುಡತ್ತೆ."

ಯುವಕನ ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ... ನನ್ನ ಕೈಯಾರೆ ಇವನ್ನ ಕೊಲ್ತಿದ್ದೆನಲ್ರೀ!"

ಎರಡೂ ಕೈಯಲ್ಲಿ ಆಮೆಯನ್ನು ಹಿಂದಕ್ಕೆ ಎಳೆದುಕೊಂಡ ಅವನನ್ನು ನೋಡಿ ಸಂಹಿತಾಳ ಸಿಟ್ಟು ಅರ್ಧ ಇಳಿಯಿತು. ಛೆ, ಇಷ್ಟು ಬೈಯಬಾರದಿತ್ತು...

ಅವನ ಹೆಸರು ದುಷ್ಯಂತ್, ಸಾಫ್ಟ್‌ವೇರ್ ಎಂಜಿನಿಯರ್. ಊರು ಬಿಟ್ಟು ಶಿಫ್ಟ್ ಆದ ಗೆಳೆಯನೊಬ್ಬ ಆಮೆಯನ್ನು ಇವನಿಗೆ ಒಪ್ಪಿಸಿ ಹೋಗಿದ್ದ. ಆಮೆಯ ಹೆಸರು ಗದಿಗೆಪ್ಪ!

"ಎಲ್ಲಿ ಕುಂತ್ರೂ ಗದ್ದಿಗಿ ಏರಿದಂಗ ಕುಂದರ್ತಾನ್ರೀ. ಅದಕ್ಕ!"

ಸಂಹಿತಾ ನಕ್ಕುಬಿಟ್ಟಳು. ಅಲ್ಲಿಗೆ ಕಥೆ ಕೆಟ್ಟಿತು ಅನ್ನಿ!

ಅಂದಿನಿಂದ ಪ್ರತಿ ರಜೆಯಲ್ಲೂ ಅವನ ಹಿತ್ತಿಲಿನಲ್ಲಿ ಪಾಠ. ಹಳದಿ ಹೂ ಬಿಡುವ ಡ್ಯಾಂಡೆಲಿಯನ್ ಕಳೆಯ ಎಲೆ, ಹೂವು ಎರಡೂ ಕೊಡಬಹುದು. ಗೋಣಿ ಸೊಪ್ಪು ಅಪರೂಪಕ್ಕೆ ಸಾಕು. ಇಲ್ಲಿಯ ಲಾನಿನ ಬರ್ಮುಡಾ ಹುಲ್ಲೆಂದರೆ ನಮ್ಮ ಗರಿಕೆಯೇ, ಅದು ಎಷ್ಟು ಬೇಕಾದರೂ ಆದೀತು. ಔಷಧಿ ಹೊಡೆದ ಜಾಗದ್ದು ಮಾತ್ರ, ಅಮೃತವಾದರೂ ಬೇಡ!

ಅವಳು ಆಸ್ಟಿನ್‌ಗೆ ಹೋದರೆ ಅವನ ಫೋಟೋ ಬರುತ್ತಿತ್ತು. "ಇದನ್ನ ಕೊಡ್ಲಿಕ್ಕೆ ಬರತೈತೇನ್ರಿ?" ಅವಳ ಉತ್ತರ ಬಂದ ಮೇಲೇ ಗದಿಗೆಪ್ಪನಿಗೆ ಊಟ.

ಅವಳಿಗೆ ಅದು ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ಅವಳ ಸಂಶೋಧನೆಯ ವಿಷಯವೇ ಕಳೆ ಗಿಡ. "ಕಳೆ ಕೀಳೋಕೆ ಅಮೆರಿಕಾಗೆ ಹೋಗ್ಬೇಕಿತ್ತಾ?" ಎಂದು ನೆಂಟರೆಲ್ಲ ನಕ್ಕವರೇ. ಚಿಕ್ಕಮ್ಮನಂತೂ ಯಾರು ಕೇಳಿದರೂ "ಬಯೋಟೆಕ್" ಎಂದು ಮಾತು ತೇಲಿಸಿಬಿಡುತ್ತಿದ್ದರು. ತನ್ನ ಓದನ್ನು ಓದೆಂದು ಕಂಡವನು ಇವನೊಬ್ಬನೇ... ಅದಕ್ಕೇ ಮನಸ್ಸು ಸೋತಿತ್ತು.

ಗಣೇಶನ ಹಬ್ಬ ಬಂತು. ಹ್ಯೂಸ್ಟನ್‌ನಿಂದ ಒಂದು ಸಂಬಂಧದವರನ್ನೂ ಚಿಕ್ಕಮ್ಮ ಊಟಕ್ಕೆ ಕರೆದಿದ್ದರು. ಹುಡುಗನಿಗೆ ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್‌ನಲ್ಲಿ ಕೆಲಸ. ಸಂಹಿತಾ ಕಡುಬಿನ ತಟ್ಟೆ ಹಿಡಿದು ಬರುವಾಗ ಹುಡುಗನ ತಾಯಿ, ಊಟಕ್ಕೆ ಬಂದಿದ್ದ ದುಷ್ಯಂತನನ್ನು ಕೇಳುತ್ತಿದ್ದರು.

"ನೀವು ಪಕ್ಕದ ಮನೆಯವರಲ್ವಾ? ಹುಡುಗಿ ಏನು ಓದ್ತಿರೋದು?"

ದುಷ್ಯಂತ ಒಮ್ಮೆ ವಿಜಯಮ್ಮನ ಮುಖ ನೋಡಿದ. ತಲೆ ತಗ್ಗಿಸಿದ.

"ಬಯೋಟೆಕ್ ರೀ."

ತಟ್ಟೆ ಕೈಯಲ್ಲೇ ಉಳಿಯಿತು. ಚಿಕ್ಕಮ್ಮ ಹೇಳಿದ್ದರೆ ನುಂಗಿಕೊಳ್ಳಬಹುದಿತ್ತು. ಇವನೂನಾ?!

ಎಲ್ಲರೂ ಹೋದ ಮೇಲೆ ಅವಳು ಕಾರಿಗೆ ಬ್ಯಾಗ್ ಹಾಕುತ್ತಿದ್ದಳು. ಅವನು ಓಡಿ ಬಂದ.

"ಸಂಹಿತಾ, ಒಂದು ನಿಮಿಷ..."

"ನಿಮಗೂ ನನ್ನ ಓದು ನಾಚಿಕೆ ಅಲ್ವಾ? ಇನ್ನು ಗಿಡದ ವಿಷಯ ಬಿಟ್ಟು ಬೇರೆ ಏನೂ ನನಗೆ ಬರೀಬೇಡಿ!"

ಅವನು ಹಾಗೇ ನಡೆದುಕೊಂಡ. ಮಹಾರಾಯ, ಅಷ್ಟು ವಿಧೇಯನಾಗಬೇಡವಾಗಿತ್ತು! ಬೆಳಿಗ್ಗೆ ಒಂದು ಫೋಟೋ, ಅಷ್ಟೇ. ಅವಳೂ "ಕೊಡಬಹುದು" ಅಥವಾ "ಬೇಡ" ಎಂದಷ್ಟೇ ಬರೆಯುತ್ತಿದ್ದಳು. ಬರೆದು, ಫೋನ್ ಬದಿಗಿಟ್ಟು ಅಳುತ್ತಿದ್ದಳು. ಆದರೆ ಒಂದು ಫೋಟೋಗೂ ಉತ್ತರ ತಪ್ಪಿಸಲಿಲ್ಲ. ಗದಿಗೆಪ್ಪ ಏನು ಪಾಪ ಮಾಡಿದ್ದ?

ಹ್ಯೂಸ್ಟನ್ ಸಂಬಂಧದವರಿಗೆ ಅವಳೇ ಫೋನ್ ಮಾಡಿದಳು. "ಆಂಟಿ, ನಾನು ಓದ್ತಿರೋದು ಬಯೋಟೆಕ್ ಅಲ್ಲ. ಕಳೆ ಗಿಡ." ಆ ಕಡೆ ಫೋನ್ ಕಟ್ ಆಯಿತು. ಸಂಬಂಧವೂ ಕಟ್ ಆಯಿತು. ಸಂಹಿತಾಳಿಗೆ ಎದೆಯ ಭಾರ ಇಳಿದ ಹಾಗಾಯಿತು.

ಅಕ್ಟೋಬರ್‌ನಲ್ಲಿ ಆಸ್ಟಿನ್‌ನ ಗ್ರಂಥಾಲಯವೊಂದರಲ್ಲಿ ಅವಳ ಭಾಷಣ. ಹಿತ್ತಿಲ ಕಳೆಗಳಲ್ಲಿ ಸಾಕುಪ್ರಾಣಿಗೆ ಯಾವುದು ಊಟ, ಯಾವುದು ವಿಷ ಎಂಬ ವಿಷಯ. ಸಭಾಂಗಣ ತುಂಬಿತ್ತು. ಅವಳು ತಲೆಯೆತ್ತಿ, ಒಂದು ಚೀಟಿಯನ್ನೂ ನೋಡದೆ ಮಾತಾಡಿದಳು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಹಿಂದಿನ ಸಾಲಿನಲ್ಲಿದ್ದ. ದುಷ್ಯಂತ! ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಹೆಂಗಸೊಬ್ಬರು.

ಜನ ಕರಗಿದ ಮೇಲೆ ಅವನು ಬಂದು ನಿಂತ.

"ನಿಮ್ಮ ಚಿಕ್ಕಮ್ಮ ಅವತ್ತು ಕೈ ಮುಗಿದು ಕೇಳಿದ್ರು, ಹಂಗ ಹೇಳು ಅಂತ. ನಿಮಗೂ ಆ ಸಂಬಂಧ ಮನಸ್ಸಿನ್ಯಾಗ ಐತಿ ಅಂದ್ಕೊಂಡೆ. ನಾ ಅಡ್ಡ ಬರಬಾರದು ಅಂತ ಹೇಳಿಬಿಟ್ಟೆ. ನಾಚಿಕಿ ನಿಮ್ಮ ಓದಿನ ಮ್ಯಾಲಲ್ರಿ. ಹಂಗ ಹೇಳಿದ ನನ್ನ ನಾಲಿಗಿ ಮ್ಯಾಲೆ."

ಪೆದ್ದ... ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದನಾ! ಅವಳ ಸಿಟ್ಟು ಇಳಿಯಿತು. ಆದರೂ ಗಟ್ಟಿಯಾಗಿ ನಿಂತಳು.

ಗದಗಿನಿಂದ ಬಂದಿದ್ದ ಅವನ ತಾಯಿ ಕಾಶವ್ವ ಅಷ್ಟರಲ್ಲಿ ಅವಳ ಕೈ ಹಿಡಿದರು. "ಎಲ್ಲಾ ಇಂಗ್ಲಿಷ್‌ನ್ಯಾಗ ಹೇಳಿದಿ, ತಿಳೀಲಿಲ್ಲವ್ವಾ. ಏನ ಓದ್ತಿ ನೀ?"

ಸಂಹಿತಾ ದುಷ್ಯಂತನ ಮುಖವನ್ನೇ ನೋಡಿದಳು.

"ಕಳೆ ಓದ್ತಾರವ್ವಾ!" ಬಾಗಿಲಲ್ಲಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಅವನ ದನಿ. "ಈ ಊರಾಗ ಇವರಷ್ಟು ಕಳೆ ತಿಳಿದವ್ರು ಇನ್ನೊಬ್ಬರಿಲ್ಲ!"

"ಹೌದೇನವ್ವಾ! ಹೊಲದಾಗ ನಮಗ ಇಂಥಾಕಿನೇ ಬೇಕಿತ್ತು ನೋಡು," ಎಂದು ಕಾಶವ್ವ ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ಆಮೇಲೆ ಇಬ್ಬರನ್ನೂ ನೋಡಿ, ನೀರು ಕುಡಿಯುವ ನೆಪದಲ್ಲಿ ಅತ್ತ ಸರಿದರು. ಜಾಣ ತಾಯಿ!

"ಸಂಹಿತಾ... ನನ್ನ ಮದುವಿ ಆಗ್ತೀರೇನ್ರಿ?"

ಅವಳು ಕಣ್ಣೊರೆಸಿಕೊಂಡು ಗಲ್ಲ ಮೇಲೆತ್ತಿದಳು. "ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಯಾವ ಓದು ಅಂತ ಅಚ್ಚು ಹಾಕಿಸ್ತೀರಾ?"

"ಕಳೆ ಗಿಡಗಳಲ್ಲಿ ಪಿಎಚ್‌ಡಿ. ನನ್ನ ಹೆಸರಿಗಿಂತ ದೊಡ್ಡ ಅಕ್ಷರದಾಗ."

"ಪಿಎಚ್‌ಡಿ ಮುಗಿಯೋಕೆ ಇನ್ನೂ ಒಂದು ವರ್ಷ ಇದೆ..."

"ಮುಗೀಲಿ. ಅಲ್ಲೀತನಕ ಪತ್ರಿಕೆ ಅಚ್ಚಿಗೆ ಕೊಡಂಗಿಲ್ಲ!"