ಸೌತೆಕಾಯಿ ಸಾಸಿವೆ ಮತ್ತು ಒಂದು ಚೂರು ಕಾಗದ

"ಥೂ! ಥೂ! ಏನವ್ವಾ ಇದು, ಬೇವಿನ ಚಕ್ಕೆ ತಿಂದಂಗೈತೆ!"

ಅನಿತ ಗಕ್ಕನೆ ತಿರುಗಿದಳು. ಉಗಿಯುತ್ತಿದ್ದವರು ಪಾಪಕ್ಕ! ದೊಡ್ಡಬಳ್ಳಾಪುರದ ಕಾಲೇಜು ಮೈದಾನದ ವಿಜ್ಞಾನ ಹಬ್ಬದಲ್ಲಿ ಎಷ್ಟೇ ಗದ್ದಲವಿದ್ದರೂ ಈ 'ಥೂ' ಅವಳಿಗೆ ಚೆನ್ನಾಗಿ ಪರಿಚಯ. ಕಳೆದ ತಿಂಗಳು ಇದೇ ಪಾಪಕ್ಕ ಮಗ ಕುಮಾರನ ಜೊತೆ ಹೆಣ್ಣು ನೋಡಲು ಬಂದು, ಅನಿತ ಮಾಡಿದ್ದ ಸೌತೆಕಾಯಿ ಸಾಸಿವೆಯನ್ನು ಹಿತ್ತಿಲಲ್ಲಿ ಹೀಗೆಯೇ ಉಗಿದಿದ್ದರು. ಸಾಸಿವೆ ಜಾಸ್ತಿ ಅರೆದು ಕಹಿಯಾಗಿತ್ತಂತೆ. ಮಾಡಿದವಳಿಗೆ ಅದು ಗೊತ್ತೇ ಆಗಿರಲಿಲ್ಲ!

ಅದಾದರೂ ಹೋಗಲಿ. ಕುಮಾರ ಎರಡು ಸಲ ಹಾಕಿಸಿಕೊಂಡು "ತುಂಬಾ ಚೆನ್ನಾಗಿದೆ ರೀ" ಎಂದಿದ್ದ. ಆ ಮಾತಿಗೆ, ಆ ನಗುವಿಗೆ ಹುಡುಗಿ ಅಲ್ಲೇ ಮನಸೋತಿದ್ದಳು. ಹಿತ್ತಿಲ ಥೂ ಕೇಳಿದ ಮೇಲೆ ಮೈಯೆಲ್ಲ ಉರಿದಿತ್ತು.

'ನನ್ನನ್ನು ಆಡಿಕೊಂಡನಾ?'

"ಬಾಯಿಬಿಟ್ರೆ ಸುಳ್ಳು ಹೇಳೋ ಗಂಡ ನಂಗೆ ಬೇಡಪ್ಪ" ಎಂದು ಅಪ್ಪನಿಗೆ ಹೇಳಿ, ಕುಮಾರನ ಫೋನನ್ನೂ ಎತ್ತಿರಲಿಲ್ಲ. ಆಮೇಲೆ ಅತ್ತಿದ್ದು ಮಾತ್ರ ಮನೆಯ ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಈಗ ಅವಳು ಸರಕ್ಕನೆ ರುಚಿ ಪರೀಕ್ಷೆಯ ಮಳಿಗೆಯ ಬೋರ್ಡಿನ ಹಿಂದೆ ಸರಿದಳು. ಪಾಪಕ್ಕ ಉಗಿದದ್ದು ಅಲ್ಲಿ ರುಚಿ ನೋಡಲು ಕೊಡುತ್ತಿದ್ದ ಚೂರು ಕಾಗದವನ್ನು; ಅಂಥದ್ದೇ ಒಂದು ಅವಳ ನಾಲಿಗೆಯ ಮೇಲೂ ಇತ್ತು. ರುಚಿ ಗಿಚಿ ಏನೂ ಇಲ್ಲ.

"ಹೆದರ್ಬೇಡಿ ಅಮ್ಮಾ," ಮಳಿಗೆಯ ಸಂಶೋಧಕಿ ಮಮತ ನೀರು ಕೊಟ್ಟರು. "ಈ ಕಾಗದದ ಕಹಿ ಕೆಲವರಿಗೆ ಜೋರಾಗಿ ಗೊತ್ತಾಗತ್ತೆ, ಕೆಲವರಿಗೆ ಏನೂ ಗೊತ್ತಾಗಲ್ಲ. ಹುಟ್ತಾನೇ ಹಾಗೆ. ಸಾಸಿವೆ, ಕೋಸಿನ ಕಹಿನೂ ಅಂಥೋರಿಗೆ ಕಮ್ಮಿನೇ."

ಸಾಸಿವೆಯಾ? ಅನಿತಳ ಕಿವಿ ನೆಟ್ಟಗಾಯಿತು.

"ಅದೆಲ್ಲ ಇರ್ಲಿ ಬಿಡವ್ವಾ. ನಾಳೆ ಹೊಸಕೋಟೆಗೆ ಹೆಣ್ ನೋಡಕ್ಕೋಗ್ಬೇಕು, ಬಾಯೆಲ್ಲ ಕೆಟ್ಟೋಯ್ತು!"

ನಾಳೆ... ಇನ್ನೊಬ್ಬಳು! ಅನಿತ ಕಣ್ಣೊರೆಸಿಕೊಂಡಳು. ಬೇಡ ಎಂದವಳೂ ಇವಳೇ, ಈಗ ಅಳುವವಳೂ ಇವಳೇ. ಏನು ಮಾಡೋಣ ಹೇಳಿ!

ಅಷ್ಟರಲ್ಲಿ ಬೈಕ್ ನಿಲ್ಲಿಸಿ ಬಂದ ಕುಮಾರ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟ್ ಮುಗಿಸಿ, ಊಟವನ್ನೂ ಮಾಡದೆ ಬಂದಿದ್ದ. ಮಮತ ಏನೂ ಹೇಳದೆ ಅವನಿಗೂ ಒಂದು ಚೂರು ಕೊಟ್ಟರು. ಹಸಿದವನು ಅಗಿದೇಬಿಟ್ಟ.

"ಏನ್ ಮೇಡಂ, ಇದ್ರಲ್ಲಿ ಏನೂ ಇಲ್ವಲ್ಲ! ಇನ್ನೊಂದು ಕೊಡಿ, ನೋಡೋಣ."

ಪಾಪಕ್ಕ ಬೆಚ್ಚಿಬಿದ್ದರು. "ಲೇ, ಕಹಿ ಇಲ್ವೇನೋ?"

"ಯಾವ ಕಹಿ? ಅವತ್ತು ಅನಿತ ಅವರ ಸಾಸಿವೆನೂ ನೀನೇ ಕಹಿ ಅಂದೆ. ನಂಗೆ ಚೆನ್ನಾಗೇ ಇತ್ತಲ್ಲಮ್ಮಾ. ಅದನ್ನ ಹೇಳೋಣ ಅಂದ್ರೆ ಅವರು ಫೋನೇ ಎತ್ತಲಿಲ್ಲ..." ಅವನ ದನಿ ಇಳಿಯಿತು. "ಹೊಸಕೋಟೆಗೆ ನೀನೇ ಹೋಗ್ಬಾ. ನಂಗೆ ಮನಸ್ಸಿಲ್ಲ."

ಧಡಾರ್! ಬೋರ್ಡು ಬಿತ್ತು.

ಅದರ ಹಿಂದೆ ಕಣ್ಣು ತುಂಬಿಕೊಂಡು ನಿಂತಿದ್ದ ಅನಿತ ಬಾಯಿಂದ ಕಾಗದ ತೆಗೆದಳು. "ನಂಗೂ... ಏನೂ ಗೊತ್ತಾಗ್ಲಿಲ್ಲ ರೀ."

ಪಾಪಕ್ಕ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಸರಿಹೋಯ್ತು! ಹೊಸಕೋಟೆಯೋರಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ. ಆದ್ರೆ ನಮ್ಮನೇಲಿ ಸಾಸಿವೆ ಮಾತ್ರ ನಾನೇ ಅರೆಯೋದು, ಈಗ್ಲೇ ಹೇಳ್ಬಿಟ್ಟಿದೀನಿ!"

ಅವರು ಫೋನ್ ಹಿಡಿದು ಆಚೆ ಹೋದರು. ಅನಿತ ತಲೆ ತಗ್ಗಿಸಿದಳು.

"ಸಾರಿ ರೀ... ಸುಳ್ಳು ಹೇಳಿದ್ರಿ ಅಂದ್ಕೊಂಡ್ಬಿಟ್ಟೆ."

"ಒಂದು ಸುಳ್ಳು ಹೇಳಿದ್ದೆ ಕಣ್ರೀ."

ಅವಳ ಮುಖ ಬಾಡಿತು. "ಏನು?"

"ಮೂರನೇ ಸಲ ಬಡಿಸೋಕೆ ಬಂದಾಗ ಹೊಟ್ಟೆ ತುಂಬ್ತು ಅಂದೆ ನೋಡಿ... ತುಂಬಿರ್ಲಿಲ್ಲ."

ಅನಿತ ಅಳುತ್ತಲೇ ನಕ್ಕುಬಿಟ್ಟಳು.

"ಹಾಗಾದ್ರೆ ನಾಳೆ ಊಟಕ್ಕೆ ಬನ್ನಿ."